ಮರಳಿ ಬಂದ ಯೋಧನೂ ಆತನು ಬರೆದ ಪುಸ್ತಕವೂ

ಕನ್ನಡ ನಾಡಿನಲ್ಲಿ ಯೋಧನನ್ನು ಗೌರವಿಸುವ ಸಂಪ್ರದಾಯವು ಬಹು ಪ್ರಾಚೀನವಾದುದು. ಕೆರೆಯ ಏರಿಯ ಮೇಲೆ, ದೇವಾಲಯದ ಅಂಗಳದಲ್ಲಿ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳು ಇದಕ್ಕೆ ಸಾಕ್ಷಿಯಾಗಿವೆ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಣ ಪಟ್ಟಿಕೆಯಲ್ಲಿ ವೀರನು ಹೋರಾಡುತ್ತಿರುತ್ತಾನೆ. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ಆತನನ್ನು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲಣ ಪಟ್ಟಿಕೆಯಲ್ಲಿ ಆತನು ಶಿವಲಿಂಗದ ಸನ್ನಿಧಿಯನ್ನು ಸೇರಿರುತ್ತಾನೆ. ಬೆಂಗಳೂರು ಎಂಬ ಹೆಸರು ನಮಗೆ ಅತಿ ಪ್ರಾಚೀನವಾಗಿ ದೊರೆತಿರುವುದು ಸಹ ಬೇಗೂರಿನ ಒಂದು ವೀರಗಲ್ಲಿನಲ್ಲಿಯೇ. ಸುಮಾರು ಒಂಬತ್ತನೆಯ ಶತಮಾನದ ಕೊನೆಯ ಕಾಲದ ಆ ಶಾಸನವು ಬೆಂಗಳೂರ ಕಾಳಗದಲ್ಲಿ ಮಡಿದವನ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ.

ಆದರೆ ಈ ಗೌರವವೆಲ್ಲ ಸಂದಿರುವುದು ಮಡಿದವನಿಗೆ. ಕಾಳಗವನ್ನು ಕಂಡು ಮನೆಗೆ ಮರಳಿದವನಿಗೆ ಆ ಕಲ್ಲಿನಲ್ಲಿ ಎಡೆಯಿಲ್ಲ. ಹೀಗಿದ್ದರೂ ಯುದ್ಧಕ್ಕೆ ಹೋದವರಲ್ಲಿ ಮರಳಿ ಬರುವವರೇ ಬಹುಮಂದಿ. ಮೊದಲನೆಯ ಮಹಾಯುದ್ಧದಲ್ಲಿ ಭಾರತದವರು ಸುಮಾರು ೧೩ ಲಕ್ಷ ಜನರು ಸೇವೆ ಸಲ್ಲಿಸಿದರು. ಅವರಲ್ಲಿ ಮಡಿದವರು ಸುಮಾರು ೭೪,೦೦೦. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಸಂಖ್ಯೆಯು ೨೫ ಲಕ್ಷಕ್ಕೆ ಏರಿತು. ಮಡಿದವರು ಸುಮಾರು ೮೭,೦೦೦. ಉಳಿದವರೆಲ್ಲರೂ ಪೆಟ್ಟಿಗೆಯನ್ನು ಹೊತ್ತು ಊರಿಗೆ ಬಂದರು. ಹೊಲವನ್ನು ಉತ್ತರು, ಕಚೇರಿಯ ಬಾಗಿಲನ್ನು ಕಾದರು, ಪಿಂಚಣಿಯ ದಿನವನ್ನು ಎದುರುನೋಡಿದರು. ಸ್ವತಂತ್ರ ಭಾರತದ ಯುದ್ಧಗಳಿಂದ ಮರಳಿದವರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾದುದಲ್ಲ. ವರ್ಷಕ್ಕೊಮ್ಮೆ ನಾವು ಅವರನ್ನು ವೇದಿಕೆಗೆ ಕರೆದು ಹಾರವನ್ನು ಹಾಕುತ್ತೇವೆ. ಬಳಿಕ ಎಷ್ಟು ಜನ ಶತ್ರುಗಳನ್ನು ಕೊಂದಿರಿ, ಭಯವಾಗಲಿಲ್ಲವೆ ಎಂಬ ಒಂದೆರಡು ಪ್ರಶ್ನೆಗಳನ್ನು ಕೇಳುತ್ತೇವೆ. ಆತನು ಮುಗುಳ್ನಕ್ಕು ಬೇರೆ ಮಾತನ್ನು ಎತ್ತುತ್ತಾನೆ. ನಮ್ಮಲ್ಲಿ ಆದರಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ಅರಿವಿಗೆ. ಯಾವುದನ್ನು ಕೇಳಬೇಕೆಂಬುದೇ ನಮಗೆ ತಿಳಿಯದು.

ಈ ಅರಿವನ್ನು ಪಡೆಯುವುದಕ್ಕೆ ಒಂದು ಸುಲಭವಾದ ಮಾರ್ಗವುಂಟು. ಯೋಧರು ತಾವೇ ಬರೆದಿಟ್ಟಿರುವ ನೆನಪಿನ ಗ್ರಂಥಗಳನ್ನು ಓದುವುದೇ ಆ ಮಾರ್ಗ. ಅವುಗಳ ಬಗೆಗಳೇನು, ಅವು ಏನನ್ನು ತಿಳಿಸುತ್ತವೆ, ಅವುಗಳನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಈ ಭಾಷಣದಲ್ಲಿ ಸ್ವಲ್ಪ ವಿಚಾರಿಸೋಣ.

ಯುದ್ಧದ ಚರಿತ್ರೆ ಬೇರೆ, ಯೋಧನ ನೆನಪಿನ ಗ್ರಂಥ ಬೇರೆ. ಚರಿತ್ರಕಾರನು ಹಲವರ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು, ಗೆದ್ದವರಾರು, ಸೋತವರಾರು, ಕಾರಣವೇನು ಎಂಬುದನ್ನು ನಿರ್ಣಯಿಸುತ್ತಾನೆ. ನೆನಪಿನ ಗ್ರಂಥವನ್ನು ಬರೆಯುವವನು ತಾನು ನಿಂತ ಸ್ಥಳದಿಂದ ಕಂಡುದನ್ನು ಹೇಳುತ್ತಾನೆ. ಈ ಬಗೆಯ ಬರವಣಿಗೆಯು ಹೊಸದಲ್ಲ. ಗ್ರೀಸ್ ದೇಶದ ಕ್ಸೆನೊಫನ್ ಎಂಬುವನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ, ಪರ್ಷಿಯಾದ ಒಳನಾಡಿನಲ್ಲಿ ಸಿಕ್ಕಿಕೊಂಡ ಹತ್ತು ಸಾವಿರ ಗ್ರೀಕ್ ಸೈನಿಕರು ಸಮುದ್ರತೀರಕ್ಕೆ ನಡೆದುಬಂದ ಕಥೆಯನ್ನು ಬರೆದನು. ರೋಮಿನ ಜೂಲಿಯಸ್ ಸೀಸರನು ಗಾಲ್ ದೇಶದಲ್ಲಿ ತಾನು ನಡೆಸಿದ ಯುದ್ಧಗಳನ್ನು ಬರೆದನು. ಇವರಿಬ್ಬರೂ ತಮ್ಮನ್ನು ನಾನು ಎಂದು ಕರೆದುಕೊಳ್ಳದೆ, ಬೇರೊಬ್ಬನ ಕಥೆಯೋ ಎಂಬಂತೆ ಅವನು ಎಂದೇ ಬರೆದಿರುವುದು ಗಮನಿಸತಕ್ಕ ಸಂಗತಿ. ತನ್ನ ಯುದ್ಧವನ್ನು ತಾನೇ ಹೇಳಿಕೊಳ್ಳುವುದರಲ್ಲಿರುವ ಸಂಕೋಚವೂ, ನಿಷ್ಪಕ್ಷಪಾತಿಯಂತೆ ತೋರಿಸಿಕೊಳ್ಳಬೇಕೆಂಬ ಜಾಣತನವೂ ಅಷ್ಟು ಹಿಂದಿನಿಂದಲೇ ಬಂದಿವೆ.

ಈಚಿನ ಗ್ರಂಥಗಳಲ್ಲಿ ಮೊದಲು ಸೇನಾಪತಿಗಳು ಬರೆದವನ್ನು ನೋಡೋಣ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಗಳನ್ನು ನಡೆಸಿ, ಮುಂದೆ ರಾಷ್ಟ್ರಾಧ್ಯಕ್ಷನಾದ ಯುಲಿಸಿಸ್ ಗ್ರಾಂಟನು ೧೮೮೪ರಲ್ಲಿ ಪಾಲುದಾರನ ವಂಚನೆಯಿಂದ ಸರ್ವಸ್ವವನ್ನೂ ಕಳೆದುಕೊಂಡನು. ಅದೇ ಕಾಲದಲ್ಲಿ ಗಂಟಲಿನಲ್ಲಿ ಕ್ಯಾನ್ಸರ್ ರೋಗವು ಕಾಣಿಸಿಕೊಂಡಿತು. ತಾನು ಸತ್ತ ಮೇಲೆ ಹೆಂಡತಿಗೆ ಜೀವನೋಪಾಯವಾಗಲೆಂದು ಆತನು ಗ್ರಂಥವನ್ನು ಬರೆಯಲು ಕುಳಿತನು. ಬರೆದು ಮುಗಿಸಿದ ಕೆಲವೇ ದಿನಗಳಲ್ಲಿ, ೧೮೮೫ನೆಯ ಜುಲೈ ೨೩ರಂದು, ತೀರಿಕೊಂಡನು. ಪ್ರಸಿದ್ಧ ಲೇಖಕನಾದ ಮಾರ್ಕ್ ಟ್ವೇನನ ಸಂಸ್ಥೆಯು ಪ್ರಕಟಿಸಿದ ಆ ಗ್ರಂಥದಿಂದ ಆತನ ಪತ್ನಿಗೆ ನಾಲ್ಕು ಲಕ್ಷ ಡಾಲರಿಗೂ ಮೇಲ್ಪಟ್ಟು ಹಣವು ಸಂದಿತು. ಇಂಥ ಅಗತ್ಯದಿಂದ ಹುಟ್ಟಿದ ಪುಸ್ತಕದಲ್ಲಿ ಆತ್ಮಸ್ತುತಿಯು ತುಂಬಿರಬಹುದೆಂದು ಯಾರಾದರೂ ಊಹಿಸಿಯಾರು. ಆದರೆ ಆತನು ೧೮೬೪ರ ಕೋಲ್ಡ್ ಹಾರ್ಬರ್ ಕದನದ ಕೊನೆಯ ಮುತ್ತಿಗೆಗೆ ತಾನು ಅಪ್ಪಣೆ ಕೊಟ್ಟುದಕ್ಕಾಗಿ ಎಂದೆಂದಿಗೂ ಪಶ್ಚಾತ್ತಾಪಪಟ್ಟುದನ್ನು ಮರೆಮಾಚದೆ ಬರೆದಿದ್ದಾನೆ. ಶತ್ರುಸೇನೆಯು ಶರಣಾಗತವಾದ ದಿನ ತನಗೆ ಸಂತೋಷಕ್ಕಿಂತ ವಿಷಾದವೇ ಹೆಚ್ಚಾಯಿತೆಂದೂ ಹೇಳಿದ್ದಾನೆ.

ಫೀಲ್ಡ್ ಮಾರ್ಷಲ್ ವಿಲಿಯಂ ಸ್ಲಿಮ್ ಅವರು ೧೯೫೬ರಲ್ಲಿ ಪ್ರಕಟಿಸಿದ 'ಡಿಫೀಟ್ ಇನ್‌ಟು ವಿಕ್ಟರಿ' ಎಂಬ ಗ್ರಂಥವು ನಮಗೆ ಇನ್ನೂ ಹತ್ತಿರವಾದುದು. ಅವರು ಬರ್ಮಾದಲ್ಲಿ ನಡೆಸಿದ ಹದಿನಾಲ್ಕನೆಯ ಸೇನೆಯಲ್ಲಿ ಭಾರತೀಯ ಸಿಪಾಯಿಗಳೇ ಹೆಚ್ಚು ಮಂದಿ ಇದ್ದರು. ಯುದ್ಧವೆಂದರೆ ಗುಂಡಿನ ಕಾಳಗವೆಂದು ತಿಳಿದಿರುವ ನಮಗೆ ಆ ಗ್ರಂಥದ ಒಂದು ಲೆಕ್ಕವು ಆಶ್ಚರ್ಯವನ್ನು ಉಂಟುಮಾಡುತ್ತದೆ. ೧೯೪೩ರಲ್ಲಿ ಗಾಯಗೊಂಡ ಒಬ್ಬ ಯೋಧನನ್ನು ಹಿಂದಕ್ಕೆ ಸಾಗಿಸುವಷ್ಟರಲ್ಲಿ ರೋಗದಿಂದ ನರಳುವ ೧೨೦ ಮಂದಿಯನ್ನು ಸಾಗಿಸಬೇಕಾಗುತ್ತಿತ್ತು. ಮುಖ್ಯ ಶತ್ರುವು ಮಲೇರಿಯಾ ಜ್ವರ. ಸಿಪಾಯಿಗಳು ಮೆಪಾಕ್ರಿನ್ ಮಾತ್ರೆಯನ್ನು ತಪ್ಪದೆ ನುಂಗುವರೆ ಎಂದು ಮುನ್ಸೂಚನೆಯಿಲ್ಲದೆ ಪರೀಕ್ಷಿಸಿ, ಅಲಕ್ಷ್ಯ ಮಾಡಿದ ಮೂವರು ಪಟಾಲಂ ಅಧಿಕಾರಿಗಳನ್ನು ಅವರು ಪದವಿಯಿಂದ ತೆಗೆದುಹಾಕಿದರಂತೆ. ಮತ್ತೊಂದು ಪ್ರಸಂಗವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ೧೯೪೨ರಲ್ಲಿ ಬರ್ಮಾದಿಂದ ನೂರಾರು ಮೈಲಿ ಹಿಮ್ಮೆಟ್ಟಿ ಬಂದ ಸೇನೆಯು ಮಳೆಗಾಲದ ಆರಂಭದಲ್ಲಿ ಭಾರತದ ಗಡಿಯನ್ನು ಮುಟ್ಟಿತು. ಬಟ್ಟೆ ಹರಿದು ಮೈ ಒಣಗಿದ್ದರೂ ಆ ಜನರು ಆಯುಧವನ್ನು ಬಿಡದೆ, ಸಾಲು ತಪ್ಪದೆ ನಡೆದುಬಂದಿದ್ದರು. ಅವರಿಗೆ ದೊರೆತ ಸ್ವಾಗತವೆಂದರೆ ಸೂರಿಲ್ಲದ ಒದ್ದೆ ನೆಲ. ಸೋತು ಬಂದವರನ್ನು ಆದರಿಸುವುದು ಯಾರಿಗೂ ಬೇಕಿರಲಿಲ್ಲ. ವರ್ಷಗಳು ಕಳೆದು, ಜಯವೂ ದೊರೆತ ಮೇಲೆ ಬರೆಯುವಾಗಲೂ ಸ್ಲಿಮ್ ಅವರಿಗೆ ಆ ನೋವು ಮಾಸಿರಲಿಲ್ಲ.

ಸೇನಾಪತಿಯು ನಕ್ಷೆಯನ್ನು ನೋಡುತ್ತಾನೆ. ಕಂದಕದಲ್ಲಿರುವವನಿಗೆ ಎದುರಿನ ಹತ್ತು ಗಜದ ಕೆಸರೇ ಪ್ರಪಂಚ. ಇವನು ಬರೆದ ಪುಸ್ತಕವು ಬೇರೊಂದು ಬಗೆಯದು. ಅಮೆರಿಕದ ಯೂಜೀನ್ ಸ್ಲೆಡ್ಜ್ ಎಂಬ ತರುಣನು ೧೯೪೪ರಲ್ಲಿ ಪೆಲೆಲ್ಯೂ ದ್ವೀಪದಲ್ಲಿಯೂ, ೧೯೪೫ರಲ್ಲಿ ಓಕಿನಾವಾ ದ್ವೀಪದಲ್ಲಿಯೂ ಸಾಮಾನ್ಯ ಸೈನಿಕನಾಗಿ ಕಾದಿದನು. ಜೇಬಿನಲ್ಲಿದ್ದ ಬೈಬಲಿನ ಚಿಕ್ಕ ಪ್ರತಿಯಲ್ಲಿ ಗುಟ್ಟಾಗಿ ಟಿಪ್ಪಣಿಗಳನ್ನು ಬರೆದಿಟ್ಟುಕೊಂಡನು. ಅವುಗಳ ಆಧಾರದಿಂದ ರಚಿಸಿದ 'ವಿತ್ ದಿ ಓಲ್ಡ್ ಬ್ರೀಡ್' ಎಂಬ ಪುಸ್ತಕವು ಹೊರಬಂದದ್ದು ೧೯೮೧ರಲ್ಲಿ. ಅಷ್ಟು ಹೊತ್ತಿಗೆ ಆತನು ಜೀವಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ತನ್ನ ಜೊತೆಯವರು ಶತ್ರುವಿನ ಹೆಣಗಳ ಬಾಯಿಂದ ಬಂಗಾರದ ಹಲ್ಲುಗಳನ್ನು ಕೀಳುತ್ತಿದ್ದುದನ್ನೂ, ಒಂದು ದಿನ ತನ್ನ ಕೈಯೂ ಆ ಕೆಲಸಕ್ಕೆ ಮುಂದಾದುದನ್ನೂ, ಪಟಾಲಮ್ಮಿನ ವೈದ್ಯಸಹಾಯಕನು ಅದರಿಂದ ರೋಗಾಣು ತಗಲೀತೆಂದು ನೆವ ಹೇಳಿ ತಡೆದುದನ್ನೂ ಆತನು ಬರೆದಿದ್ದಾನೆ. ಆ ವೈದ್ಯಸಹಾಯಕನು ಕಾಪಾಡಬಯಸಿದ್ದು ತನ್ನ ಆರೋಗ್ಯವನ್ನಲ್ಲ, ತನ್ನ ಮನುಷ್ಯತ್ವವನ್ನು ಎಂಬುದು ಸ್ಲೆಡ್ಜನಿಗೆ ಅನಂತರ ಹೊಳೆಯಿತು. ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವ ಮುದುಕನು ಇಂಥ ಮಾತನ್ನು ಸಭೆಯಲ್ಲಿ ಹೇಳಲಾರನು. ಕೆಲವು ವೇಳೆ ಮನೆಯವರಿಗೂ ಹೇಳಲಾರನು.

ಯುದ್ಧವು ನಿಂತ ದಿನವೇ ಯೋಧನ ಪಾಲಿಗೆ ಅದು ಮುಗಿಯುವುದಿಲ್ಲವೆಂಬುದನ್ನು ಇಂಗ್ಲೆಂಡಿನ ರಾಬರ್ಟ್ ಗ್ರೇವ್ಸನ 'ಗುಡ್ ಬೈ ಟು ಆಲ್ ದಟ್' ಎಂಬ ೧೯೨೯ರ ಗ್ರಂಥವು ಸ್ಪಷ್ಟಪಡಿಸುತ್ತದೆ. ೧೯೧೬ರಲ್ಲಿ ಫ್ರಾನ್ಸಿನ ಸೋಮ್ ನದಿಯ ಕದನದಲ್ಲಿ ಆತನು ಮಡಿದನೆಂದೇ ಮನೆಗೆ ಸುದ್ದಿ ಹೋಗಿತ್ತು. ಬದುಕಿ ಬಂದು ಸಂಸಾರವನ್ನು ಹೂಡಿದ ಮೇಲೆಯೂ ನಡುರಾತ್ರಿ ಹಾಸಿಗೆಯ ಮೇಲೆ ಫಿರಂಗಿಯ ಗುಂಡು ಸಿಡಿದಂತಾಗುತ್ತಿತ್ತಂತೆ. ಟೆಲಿಫೋನನ್ನು ಮುಟ್ಟುವುದಕ್ಕೂ ಆಗುತ್ತಿರಲಿಲ್ಲವಂತೆ. ಶುಶ್ರೂಷಕಿಯಾಗಿ ದುಡಿದ ವೀರಾ ಬ್ರಿಟನ್ ಎಂಬಾಕೆಯು ೧೯೩೩ರಲ್ಲಿ ಬರೆದ 'ಟೆಸ್ಟಮೆಂಟ್ ಆಫ್ ಯೂತ್' ಗ್ರಂಥವನ್ನೂ ಇದೇ ಸಾಲಿನಲ್ಲಿ ಎಣಿಸಬೇಕು. ಮದುವೆಯಾಗಬೇಕಾಗಿದ್ದವನನ್ನೂ, ಒಡಹುಟ್ಟಿದ ತಮ್ಮನನ್ನೂ, ಇಬ್ಬರು ಸ್ನೇಹಿತರನ್ನೂ ಕಳೆದುಕೊಂಡು ಆಕೆಯು ವಿದ್ಯಾಲಯಕ್ಕೆ ಮರಳಿದಾಗ, ಹೊಸ ವಿದ್ಯಾರ್ಥಿಗಳಿಗೆ ಆ ಮಾತುಗಳನ್ನು ಕೇಳುವ ಮನಸ್ಸೇ ಇರಲಿಲ್ಲ. ಯುದ್ಧಭೂಮಿಯ ಕಷ್ಟಕ್ಕಿಂತಲೂ ಊರಿನ ಈ ಉದಾಸೀನವೇ ಹಲವರನ್ನು ಹೆಚ್ಚಾಗಿ ನೋಯಿಸಿದೆ.

ನಮ್ಮ ದೇಶದ ಸಿಪಾಯಿಯ ಕಥೆಯೆಂದು ಪ್ರಸಿದ್ಧವಾಗಿರುವ ಒಂದು ಹಳೆಯ ಪುಸ್ತಕದಲ್ಲಿಯೂ ಮನೆಗೆ ಮರಳುವ ಪ್ರಸಂಗವೇ ಹೃದಯವನ್ನು ಹೆಚ್ಚು ತಟ್ಟುತ್ತದೆ. ಅವಧ ಪ್ರಾಂತದ ಸೀತಾರಾಮ ಪಾಂಡೆ ಎಂಬುವನು ೧೮೧೨ರಲ್ಲಿ ಕಂಪನಿಯ ದಂಡಿಗೆ ಸೇರಿ, ನಾಲ್ಕು ದಶಕಗಳಿಗೂ ಮೇಲ್ಪಟ್ಟು ಸೇವೆ ಮಾಡಿ ಸುಬೇದಾರನಾದನೆಂದು ಆ ಪುಸ್ತಕವು ಹೇಳುತ್ತದೆ. ಆಫ್ಘಾನಿಸ್ತಾನದ ಯುದ್ಧದಲ್ಲಿ ಸೆರೆಸಿಕ್ಕಿ, ಗುಲಾಮನಾಗಿ ಮಾರಲ್ಪಟ್ಟು, ಹೇಗೋ ತಪ್ಪಿಸಿಕೊಂಡು ಬಂದವನನ್ನು ಸ್ವಜಾತಿಯವರು ಹತ್ತಿರಕ್ಕೆ ಸೇರಿಸಲಿಲ್ಲ. ಶುದ್ಧಿಗಾಗಿ ಆತನು ಹಣವನ್ನು ತೆರಬೇಕಾಯಿತು. ೧೮೫೭ರ ದಂಗೆಯಲ್ಲಿ ಗುಂಡಿಟ್ಟು ಕೊಲ್ಲುವುದಕ್ಕೆಂದು ತಂದ ಬಂಡಾಯಗಾರರಲ್ಲಿ ತನ್ನ ಮಗನನ್ನೇ ಆತನು ಕಂಡನಂತೆ. ಈ ಪುಸ್ತಕವನ್ನು ನಾರ್ಗೇಟ್ ಎಂಬ ಇಂಗ್ಲಿಷ್ ಅಧಿಕಾರಿಯು ಭಾಷಾಂತರಿಸಿ ೧೮೭೩ರಲ್ಲಿ ಪ್ರಕಟಿಸಿದನು. ಮೂಲದ ಹಸ್ತಪ್ರತಿಯು ಸಿಕ್ಕಿಲ್ಲವಾದುದರಿಂದ ಇದೆಲ್ಲವೂ ಸಿಪಾಯಿಯ ಮಾತೇ ಅಥವಾ ಅಧಿಕಾರಿಯ ಕೈವಾಡವೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ವಾದವಿದೆ.

ವಂಗದೇಶದ ಶಿಶಿರ ಸರ್ವಾಧಿಕಾರಿಯವರ 'ಅಭಿ ಲೇ ಬಗ್ದಾದ್' ಎಂಬ ಪುಸ್ತಕದ ವಿಷಯದಲ್ಲಿ ಇಂಥ ವಾದವಿಲ್ಲ. ಅವರು ೧೯೧೫ರಲ್ಲಿ ಬಂಗಾಳದ ಶುಶ್ರೂಷಾದಳವನ್ನು ಸೇರಿ ಮೆಸೊಪೊಟೇಮಿಯಾಕ್ಕೆ ಹೋದರು. ಟೈಗ್ರಿಸ್ ನದಿಯ ದಂಡೆಯ ಕೂತ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದ ಸೇನೆಯು ಐದು ತಿಂಗಳ ಹಸಿವಿನ ಬಳಿಕ, ೧೯೧೬ನೆಯ ಏಪ್ರಿಲ್ ೨೯ರಂದು ಶರಣಾಗತವಾಯಿತು. ಯುದ್ಧಕೈದಿಯಾಗಿ ಮರುಭೂಮಿಯಲ್ಲಿ ನಡೆದಾಗ ಸರ್ವಾಧಿಕಾರಿಯವರು ತಮ್ಮ ದಿನಚರಿಯ ಹಾಳೆಗಳನ್ನು ಬೂಟಿನೊಳಗೆ ಬಚ್ಚಿಟ್ಟುಕೊಂಡರು. ಆ ಹಾಳೆಗಳು ಬಂಗಾಳಿ ಪುಸ್ತಕವಾಗಿ ಅಚ್ಚಾದದ್ದು ೧೯೫೭ರಲ್ಲಿ. ಒಂದು ಮಾತನ್ನು ಹೇಳಿಯೇ ತೀರಬೇಕೆಂಬ ಹಂಬಲವು ನಲವತ್ತು ವರ್ಷ ಬದುಕಿರಬಲ್ಲದು.

ಕಾಳಗವೇ ಇಲ್ಲದ ಸೈನಿಕ ಗ್ರಂಥವೂ ಉಂಟು. ಕೊಡಗಿನವರಾದ ಜನರಲ್ ತಿಮ್ಮಯ್ಯನವರು ೧೯೫೩-೫೪ರಲ್ಲಿ ಕೊರಿಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದರು. ಸ್ವದೇಶಕ್ಕೆ ಮರಳಲೊಪ್ಪದ ೨೨,೦೦೦ಕ್ಕೂ ಮೇಲ್ಪಟ್ಟ ಯುದ್ಧಕೈದಿಗಳನ್ನು ಎರಡು ಪಕ್ಷಗಳ ಹಗೆತನದ ನಡುವೆ ಕಾಯುವುದು ಭಾರತದ ಸೇನೆಯ ಪಾಲಿಗೆ ಬಂದಿತ್ತು. ಆ ಅನುಭವವನ್ನು ಕುರಿತ ಅವರ ಬರವಣಿಗೆಯು 'ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ' ಎಂಬ ಹೆಸರಿನಿಂದ, ೧೯೬೫ರಲ್ಲಿ ಅವರು ಗತಿಸಿದ ಬಹುಕಾಲದ ಮೇಲೆ, ೧೯೮೧ರಲ್ಲಿ ಹೊರಬಂದಿತು. ಗುಂಡು ಹಾರಿಸದೆ ಇರುವುದಕ್ಕೂ ಎಷ್ಟು ಧೈರ್ಯವು ಬೇಕೆಂಬುದನ್ನು ತಿಳಿಯಬಯಸುವವರು ಅದನ್ನು ಓದಬೇಕು. ಮಡಿಕೇರಿಯಲ್ಲಿರುವ ಅವರ ಮನೆಯು ೨೦೨೧ರಿಂದ ವಸ್ತುಸಂಗ್ರಹಾಲಯವಾಗಿದೆ.

ಇನ್ನು, ಇಂಥ ಗ್ರಂಥಗಳನ್ನು ನಂಬುವುದು ಎಷ್ಟರಮಟ್ಟಿಗೆ? ಗೌರವಿಸುವುದೆಂದರೆ ಬರೆದುದೆಲ್ಲವನ್ನೂ ಒಪ್ಪುವುದೆಂದು ಅರ್ಥವಲ್ಲ. ವಿವೇಕಿಯಾದ ವಾಚಕನು ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಓದಬೇಕು. ಬರೆದವನು ಎಲ್ಲಿ ನಿಂತು ನೋಡಿದನು? ನಡೆದು ಎಷ್ಟು ಕಾಲವಾದ ಮೇಲೆ ಬರೆದನು? ಯಾರ ಆಕ್ಷೇಪಣೆಗೆ ಉತ್ತರವನ್ನು ಕೊಡುತ್ತಿದ್ದಾನೆ? ಗ್ರೇವ್ಸನ ಪುಸ್ತಕವು ಹೊರಬಂದಾಗ, ಅದೇ ಯುದ್ಧವನ್ನು ಕಂಡಿದ್ದ ಆತನ ಸ್ನೇಹಿತರಾದ ಸಸೂನ್, ಬ್ಲಂಡೆನ್ ಎಂಬಿಬ್ಬರು ಕವಿಗಳು ಕೋಪಗೊಂಡು, ಒಂದು ಪ್ರತಿಯ ಅಂಚುಗಳ ತುಂಬ ತಪ್ಪುಗಳನ್ನು ಎತ್ತಿ ಬರೆದರು. ಅವರಿಬ್ಬರೂ ತಮ್ಮ ತಮ್ಮ ನೆನಪಿನ ಗ್ರಂಥಗಳನ್ನು ಬರೆದವರೇ. ಮೂವರೂ ಸತ್ಯವನ್ನು ಬಯಸಿದವರು. ಆದರೆ ಮೂವರ ನೆನಪೂ ಒಂದೇ ಆಗಿರಲಿಲ್ಲ.

ಮೂರನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ಒಳ್ಳೆಯ ನಿದರ್ಶನವಿದೆ. ೧೯೬೨ರ ಅಕ್ಟೋಬರಿನಲ್ಲಿ, ಇಂದಿನ ಅರುಣಾಚಲ ಪ್ರದೇಶದ ಪಶ್ಚಿಮದ ಮೂಲೆಯಲ್ಲಿರುವ ನಾಮ್ಕಾ ಚು ಎಂಬ ಹೊಳೆಯ ದಂಡೆಯಲ್ಲಿ ಭಾರತದ ಒಂದು ಬ್ರಿಗೇಡು ಚೀನದ ಸೇನೆಯನ್ನು ಎದುರಿಸಿ ನಿಂತಿತ್ತು. ಆ ಕಣಿವೆಯೇ ಸುಮಾರು ೧೦,೦೦೦ ಅಡಿ ಎತ್ತರದಲ್ಲಿದೆ. ರಸ್ತೆಯಿಲ್ಲ, ವಿಮಾನದಿಂದ ಕೆಡವಿದ ಸಾಮಗ್ರಿಯಲ್ಲಿ ಎಷ್ಟೋ ಭಾಗವು ಕಂದರಗಳ ಪಾಲಾಯಿತು. ಹಲವು ಸಿಪಾಯಿಗಳ ಮೈಮೇಲಿದ್ದುದು ಹತ್ತಿಯ ಉಡುಪು. ಅಕ್ಟೋಬರ್ ೨೦ರ ಬೆಳಗ್ಗೆ ಚೀನೀಯರು ಮೇಲೆ ಬಿದ್ದರು. ಕೆಲವು ಗಂಟೆಗಳಲ್ಲಿ ಬ್ರಿಗೇಡು ನುಚ್ಚುನೂರಾಯಿತು. ಅದರ ಅಧಿಪತಿಯಾದ ಬ್ರಿಗೇಡಿಯರ್ ಜೆ. ಪಿ. ದಳವಿಯವರು ಅಕ್ಟೋಬರ್ ೨೨ರಂದು ಸೆರೆಸಿಕ್ಕಿ, ೧೯೬೩ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಬಂದರು. ಅವರ ಮೇಲಣ ಸೇನಾಧಿಪತಿಯಾಗಿದ್ದವರು ಲೆಫ್ಟಿನೆಂಟ್ ಜನರಲ್ ಬಿ. ಎಂ. ಕೌಲ್.

ಈ ಇಬ್ಬರೂ ಗ್ರಂಥಗಳನ್ನು ಬರೆದರು. ಕೌಲ್ ಅವರ 'ದಿ ಅನ್‌ಟೋಲ್ಡ್ ಸ್ಟೋರಿ' ೧೯೬೭ರಲ್ಲಿಯೂ, ದಳವಿಯವರ 'ಹಿಮಾಲಯನ್ ಬ್ಲಂಡರ್' ೧೯೬೯ರಲ್ಲಿಯೂ ಪ್ರಕಟವಾದವು. ಒಬ್ಬರು ರಾಜಧಾನಿಗೂ ಮುಂಚೂಣಿಗೂ ನಡುವೆ ನಿಂತವರು. ದೇಶವೆಲ್ಲ ತಮ್ಮ ಮೇಲೆ ಹೊರಿಸಿದ ಆಕ್ಷೇಪಣೆಗಳಿಗೆ ಸಮಾಧಾನವನ್ನು ಹೇಳುತ್ತಾರೆ. ಇನ್ನೊಬ್ಬರು ಹೊಳೆಯ ದಂಡೆಯಲ್ಲಿಯೇ ಇದ್ದವರು; ಅಸಾಧ್ಯವಾದ ಅಪ್ಪಣೆಯನ್ನು ಪಾಲಿಸಿ ಮಡಿದ ತಮ್ಮ ಸಿಪಾಯಿಗಳ ಪರವಾಗಿ ಕೋಪದಿಂದ ವಾದಿಸುತ್ತಾರೆ. ಒಂದನ್ನು ಮಾತ್ರ ಓದಿದವನು ಒಂದು ಪಕ್ಷದ ವಕೀಲನಾಗುತ್ತಾನೆ. ಎರಡನ್ನೂ ಓದಿದವನಿಗೆ ಮಾತ್ರ ನ್ಯಾಯಾಧೀಶನ ಪೀಠದ ಕಷ್ಟವು ತಿಳಿಯುತ್ತದೆ. ಆ ಸೋಲಿನ ವಿಚಾರಣೆ ನಡೆಸಿ ಸೇನಾಧಿಕಾರಿಗಳು ೧೯೬೩ರಲ್ಲಿ ಸಲ್ಲಿಸಿದ ವರದಿಯನ್ನು ಸರ್ಕಾರವು ಪೂರ್ತಿಯಾಗಿ ಪ್ರಕಟಿಸದಿರುವುದರಿಂದ ಇಂಥ ಗ್ರಂಥಗಳ ಬೆಲೆಯು ಇನ್ನೂ ಹೆಚ್ಚಾಗಿದೆ. ದಳವಿಯವರ ಗ್ರಂಥವನ್ನು ರವಿ ಬೆಳಗೆರೆಯವರು ಕನ್ನಡಕ್ಕೆ ತಂದಿರುವುದರಿಂದ ಇಂಗ್ಲಿಷ್ ಬಾರದವರೂ ಅದನ್ನು ಓದಬಹುದು. ಈ ಎರಡು ಗ್ರಂಥಗಳಲ್ಲಿ ಎಷ್ಟೇ ವಿರೋಧವಿದ್ದರೂ ಆ ಹೊಳೆಯ ದಂಡೆಯಲ್ಲಿ ಚಳಿಗೆ ನಡುಗುತ್ತ ನಿಂತಿದ್ದ ಸಾಮಾನ್ಯ ಸಿಪಾಯಿಯು ತನ್ನ ಕರ್ತವ್ಯಕ್ಕೆ ತಪ್ಪಿದವನಲ್ಲ ಎಂಬುದು ವಾಚಕನ ಮನಸ್ಸಿನಲ್ಲಿ ಸ್ಥಿರವಾಗಿ ನಿಲ್ಲುತ್ತದೆ.

ಆದರೆ ಆ ಸಾಮಾನ್ಯ ಸಿಪಾಯಿಯ ಪುಸ್ತಕವೆಲ್ಲಿ? ಇಲ್ಲಿಯೇ ಈ ಸಾಹಿತ್ಯದ ದೊಡ್ಡ ಕೊರತೆಯಿರುವುದು. ಬರೆದವರು ಬಹುಮಟ್ಟಿಗೆ ಅಧಿಕಾರಿಗಳು. ಬರೆದದ್ದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಮೊದಲನೆಯ ಮಹಾಯುದ್ಧಕ್ಕೆ ಹೋದ ನಮ್ಮ ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ಅಕ್ಷರಜ್ಞಾನವಿರಲಿಲ್ಲ. ಓದುಬರಹ ಬಲ್ಲ ಜೊತೆಯವನಿಂದ ಅವರು ಊರಿಗೆ ಕಾಗದವನ್ನು ಬರೆಯಿಸುತ್ತಿದ್ದರು. ಸೆನ್ಸಾರ್ ಅಧಿಕಾರಿಗಳು ಆ ಕಾಗದಗಳಿಂದ ಇಂಗ್ಲಿಷಿಗೆ ಭಾಷಾಂತರಿಸಿ ತೆಗೆದಿಟ್ಟ ಭಾಗಗಳು ಲಂಡನ್ನಿನಲ್ಲಿ ಉಳಿದಿವೆ. ಅವುಗಳ ಒಂದು ಸಂಗ್ರಹವನ್ನು ಡೇವಿಡ್ ಒಮಿಸ್ಸಿ ಎಂಬ ವಿದ್ವಾಂಸರು ೧೯೯೯ರಲ್ಲಿ ಪ್ರಕಟಿಸಿದರು. ಸೆನ್ಸಾರಿನ ಕಣ್ಣನ್ನು ತಪ್ಪಿಸಲು ಸಿಪಾಯಿಗಳು ಭಾರತೀಯ ಸೈನಿಕರನ್ನು ಕರಿಮೆಣಸೆಂದೂ, ಬಿಳಿಯ ಸೈನಿಕರನ್ನು ಕೆಂಪು ಮೆಣಸೆಂದೂ ಹೆಸರಿಟ್ಟು, ಯಾವ ಮೆಣಸು ಎಷ್ಟು ಖರ್ಚಾಗಿ ಹೋಯಿತೆಂದು ಬರೆಯುತ್ತಿದ್ದರು. ಅಡಿಗೆಮನೆಯ ಲೆಕ್ಕದಂತೆ ಕಾಣುವ ಆ ಸಾಲುಗಳು ಸಾವಿನ ಲೆಕ್ಕವೆಂದು ಓದುವವನು ಬೆಚ್ಚುತ್ತಾನೆ.

ಮೈಸೂರಿನ ಅಶ್ವದಳದ ಸವಾರರನ್ನು ಇಲ್ಲಿ ನೆನೆಯುವುದು ಯುಕ್ತವಾಗಿದೆ. ೧೯೧೮ನೆಯ ಸೆಪ್ಟೆಂಬರ್ ೨೩ರಂದು, ಆಗ ತುರ್ಕರ ವಶದಲ್ಲಿದ್ದ ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಜೋಧಪುರ, ಮೈಸೂರು ಸಂಸ್ಥಾನಗಳ ಸವಾರರು ಈಟಿಗಳನ್ನು ಹಿಡಿದು ಕುದುರೆಯ ಮೇಲೆಯೇ ನುಗ್ಗಿ ಗೆದ್ದರು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳನ್ನು ಹಿಡಿಯುವುದರಲ್ಲಿ ಮೈಸೂರಿನವರದು ಮುಖ್ಯವಾದ ಪಾಲು. ಹೈದರಾಬಾದ್, ಜೋಧಪುರ, ಮೈಸೂರು ಈ ಮೂರು ಸಂಸ್ಥಾನಗಳ ಅಶ್ವದಳಗಳ ನೆನಪಿಗಾಗಿ ೧೯೨೨ರಲ್ಲಿ ದೆಹಲಿಯಲ್ಲಿ ಮೂರು ಕಂಚಿನ ಪ್ರತಿಮೆಗಳನ್ನು ನಿಲ್ಲಿಸಲಾಯಿತು. ಅವುಗಳಿಂದಲೇ ಆ ಸ್ಥಳಕ್ಕೆ ತೀನ್ ಮೂರ್ತಿ ಎಂದು ಹೆಸರಾಯಿತು. ೨೦೧೮ರಲ್ಲಿ ಹೈಫಾ ಎಂಬ ಹೆಸರೂ ಅದಕ್ಕೆ ಸೇರಿತು. ಪ್ರತಿಮೆಯು ಸವಾರನ ಉಡುಪನ್ನು ತೋರಿಸಬಲ್ಲದು, ಆತನ ನಿಲುವನ್ನು ತೋರಿಸಬಲ್ಲದು. ಆ ಬೆಟ್ಟದ ಇಳಿಜಾರಿನಲ್ಲಿ ಕುದುರೆಯ ಕಾಲು ಜಾರಿದಾಗ ಆತನಿಗೆ ಏನೆನ್ನಿಸಿತು, ಊರಿಗೆ ಬಂದ ಮೇಲೆ ಮಕ್ಕಳಿಗೆ ಆತನು ಏನನ್ನು ಹೇಳಿದನು, ಏನನ್ನು ಹೇಳದೆ ಉಳಿಸಿದನು ಎಂಬುದನ್ನು ಕಂಚು ಹೇಳಲಾರದು. ಅದನ್ನು ಬಲ್ಲವರು ಈಗ ಯಾರೂ ಬದುಕಿಲ್ಲ. ಆ ಮಾತುಗಳು ಬಹುಪಾಲು ಅವರೊಂದಿಗೇ ಹೋದವು.

ಈ ನಷ್ಟವು ಪುನಃ ಆಗಬೇಕಾಗಿಲ್ಲ. ೧೯೬೨, ೧೯೬೫, ೧೯೭೧ರ ಯುದ್ಧಗಳನ್ನು ಕಂಡವರು, ಶ್ರೀಲಂಕಾಕ್ಕೆ ಹೋಗಿ ಬಂದವರು, ೧೯೯೯ರಲ್ಲಿ ಕಾರ್ಗಿಲ್ ಬೆಟ್ಟಗಳನ್ನು ಹತ್ತಿದವರು ನಮ್ಮ ಊರುಗಳಲ್ಲಿ ಇದ್ದಾರೆ. ಅವರಲ್ಲಿ ಹಿರಿಯರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅಚ್ಚಾದ ಗ್ರಂಥಗಳನ್ನು ಓದಿದುದರ ಪ್ರಯೋಜನವು ಇವರ ಎದುರಿನಲ್ಲಿ ಕಾಣಬೇಕು. ಸ್ಲಿಮ್ ಅವರ ಗ್ರಂಥವನ್ನು ಓದಿದವನು ಎಷ್ಟು ಜನರನ್ನು ಕೊಂದಿರಿ ಎಂದು ಕೇಳುವುದಿಲ್ಲ. ಜ್ವರ ಬಂದಾಗ ಯಾರು ನೋಡಿಕೊಂಡರು, ಊಟವು ಮೇಲಕ್ಕೆ ಹೇಗೆ ಬರುತ್ತಿತ್ತು ಎಂದು ಕೇಳುತ್ತಾನೆ. ಗ್ರೇವ್ಸನನ್ನು ಓದಿದವನು ಪಟಾಕಿಯ ಸದ್ದಿಗೆ ಒಬ್ಬ ಮುದುಕನು ಎದ್ದು ಒಳಗೆ ಹೋದರೆ ನಗುವುದಿಲ್ಲ. ಸೀತಾರಾಮನ ಕಥೆಯನ್ನು ಓದಿದವನು ಸೆರೆಸಿಕ್ಕಿ ಬಂದವನನ್ನು, ಸೋತ ಯುದ್ಧದಿಂದ ಬಂದವನನ್ನು ಗೆದ್ದು ಬಂದವನಿಗಿಂತ ಕೀಳಾಗಿ ಕಾಣುವುದಿಲ್ಲ. ಸ್ಲೆಡ್ಜನನ್ನು ಓದಿದವನು ಮಾತು ಎಲ್ಲಿ ನಿಂತಿತೋ ಅಲ್ಲಿಯೇ ನಿಲ್ಲಲು ಬಿಡುತ್ತಾನೆ. ಹೇಳುವುದಕ್ಕೆ ಆತನಿಗೆ ಹಕ್ಕಿರುವಂತೆಯೇ ಹೇಳದಿರುವುದಕ್ಕೂ ಹಕ್ಕುಂಟು.

ಮನೆಯಲ್ಲಿ ಇಂಥ ತಾತನಿರುವ ತರುಣರು ಒಂದು ಕೆಲಸವನ್ನು ಮಾಡಬಹುದು. ಬಿಡುವಿದ್ದಾಗ ಹತ್ತಿರ ಕುಳಿತು ಚಿಕ್ಕ ವಿಷಯಗಳನ್ನು ಮೊದಲು ಕೇಳಬೇಕು: ದಂಡಿಗೆ ಸೇರಿದ ದಿನ ಅಮ್ಮನು ಏನೆಂದಳು, ಮೊದಲನೆಯ ಸಂಬಳವನ್ನು ಏನು ಮಾಡಿದಿರಿ, ಜೊತೆಯವರ ಹೆಸರುಗಳೇನು, ಅವರಲ್ಲಿ ಯಾರು ತಮಾಷೆಗಾರರು. ಹೇಳಿದುದನ್ನು ಅವರ ಮಾತಿನಲ್ಲಿಯೇ, ಅವರ ಕನ್ನಡದಲ್ಲಿಯೇ, ತಿದ್ದದೆ ಬರೆದು, ಪಟಾಲಮ್ಮಿನ ಹೆಸರು, ಸ್ಥಳ, ವರ್ಷಗಳನ್ನು ಗುರುತು ಹಾಕಿ ಇಡಬೇಕು. ಅಚ್ಚು ಹಾಕಿಸಲೇಬೇಕೆಂಬುದಿಲ್ಲ. ಸ್ಲೆಡ್ಜನೂ ತನ್ನ ಪುಸ್ತಕವನ್ನು ಮೊದಲು ಬರೆದದ್ದು ಮನೆಯವರಿಗಾಗಿಯೇ.

ಮಡಿದ ವೀರನಿಗೆ ನಮ್ಮ ಹಿರಿಯರು ಕಲ್ಲನ್ನು ನಿಲ್ಲಿಸಿದರು. ಆ ಕಾರ್ಯವನ್ನು ಕಲ್ಲುಕುಟಿಗನೊಬ್ಬನು ಮಾಡಬಲ್ಲವನಾಗಿದ್ದನು. ಬದುಕಿ ಬಂದವನಿಗೆ ಬೇಕಾಗಿರುವುದು ಆತನ ಮಾತನ್ನು ಕೇಳಬಲ್ಲ ಕಿವಿ. ಅದನ್ನು ಸಿದ್ಧಪಡಿಸಿಕೊಳ್ಳುವ ಕೆಲಸವು ನಮ್ಮಲ್ಲಿ ಪ್ರತಿಯೊಬ್ಬರದು. ಪುಸ್ತಕಭಂಡಾರಗಳಲ್ಲಿ ಧೂಳು ಹಿಡಿದಿರುವ ಈ ಗ್ರಂಥಗಳಲ್ಲಿ ಒಂದನ್ನಾದರೂ ಈ ವರ್ಷ ತೆಗೆದು ಓದಿ, ಬಳಿಕ ನೆರೆಮನೆಯ ನಿವೃತ್ತ ಸುಬೇದಾರರ ಜಗುಲಿಗೆ ಹೋಗಿ ಕುಳಿತುಕೊಳ್ಳುವುದಾದರೆ, ಆ ಕೆಲಸಕ್ಕೆ ಆರಂಭವಾದಂತಾಗುತ್ತದೆ.